ಅಪರಾಧದಿಂದ ನೊಂದವರು: ನ್ಯಾಯದ ಇತಿಹಾಸದಲ್ಲಿ ಅವರ ಸ್ಥಾನ

ಕೊಲೆ ಮೊಕದ್ದಮೆಯೊಂದರ ವಿಚಾರಣೆ ನಡೆಯುವ ದಿನ ಯಾವುದೇ ಜಿಲ್ಲಾ ನ್ಯಾಯಾಲಯಕ್ಕೆ ಹೋಗಿ ನೋಡಿ. ನ್ಯಾಯಾಧೀಶರಿಗೆ ಪೀಠವಿದೆ. ಸರಕಾರಿ ಅಭಿಯೋಜಕರಿಗೂ ಆರೋಪಿಯ ಪರ ವಕೀಲರಿಗೂ ಕುರ್ಚಿ ಮೇಜುಗಳಿವೆ. ಆರೋಪಿಗೆ ಕಟಕಟೆಯಿದೆ. ಆದರೆ ಮಗನನ್ನು ಕಳೆದುಕೊಂಡ ತಾಯಿಗೆ ಅಲ್ಲಿ ಗೊತ್ತಾದ ಜಾಗವೊಂದಿಲ್ಲ. ಆಕೆ ಹೊರಗಿನ ಮೊಗಸಾಲೆಯ ಬೆಂಚಿನ ಮೇಲೆ ಕುಳಿತಿರುತ್ತಾಳೆ. ಜವಾನ ಹೆಸರು ಕೂಗಿದಾಗ ಒಳಗೆ ಬಂದು ಸಾಕ್ಷಿ ನುಡಿದು ಹೊರಗೆ ಹೋಗುತ್ತಾಳೆ. ವಾಯಿದೆ ಮುಂದೆ ಹೋದರೆ ಬಸ್ಸಿನ ದುಡ್ಡು ಹೊಂದಿಸಿಕೊಂಡು ಮತ್ತೊಮ್ಮೆ ಬರುತ್ತಾಳೆ. ಮೊಕದ್ದಮೆಯ ಕಾಗದದಲ್ಲಿ ಆಕೆ ಒಂದನೇ ಸಾಕ್ಷಿ, ಅಷ್ಟೆ. ಫಿರ್ಯಾದಿನ ತಲೆಬರಹದಲ್ಲಿ ಇರುವುದು "ಕರ್ನಾಟಕ ರಾಜ್ಯ ವಿರುದ್ಧ ಇಂಥವರು" ಎಂದು. ಸತ್ತವನು ಆಕೆಯ ಮಗ. ಮೊಕದ್ದಮೆ ಮಾತ್ರ ಸರಕಾರದ್ದು.

ಇದು ಹೀಗೇಕೆ? ಎಂದಿನಿಂದಲೂ ಹೀಗೇ ಇತ್ತೇ? ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಕಾನೂನು, ಸಮಾಜಕಾರ್ಯ, ವೈದ್ಯಕೀಯ ಓದುತ್ತಿದ್ದಾರೆ. ಅವರು ಈ ಪ್ರಶ್ನೆಯನ್ನು ಕೇಳಿಕೊಳ್ಳಲೇಬೇಕು. ಇತಿಹಾಸವನ್ನು ತಿರುವಿ ಹಾಕಿದರೆ ಕಾಣುವುದು ಇಷ್ಟು: ಒಂದು ಕಾಲದಲ್ಲಿ ನೊಂದವನೇ ಮೊಕದ್ದಮೆಯ ಒಡೆಯನಾಗಿದ್ದ. ಆಮೇಲೆ ರಾಜ್ಯವು ಅವನ ಕೈಯಿಂದ ಮೊಕದ್ದಮೆಯನ್ನು ತೆಗೆದುಕೊಂಡಿತು. ಹಾಗೆ ತೆಗೆದುಕೊಳ್ಳುವುದಕ್ಕೆ ಸರಿಯಾದ ಕಾರಣಗಳೂ ಇದ್ದವು. ಆದರೆ ಪ್ರತಿಯಾಗಿ ಅವನಿಗೆ ಏನನ್ನೂ ಕೊಡಲಿಲ್ಲ. ಆ ಸಾಲವನ್ನು ತೀರಿಸುವ ಪ್ರಯತ್ನ ಕಳೆದ ಅರವತ್ತು ವರ್ಷಗಳಿಂದ ನಡೆದಿದೆ, ಇನ್ನೂ ಮುಗಿದಿಲ್ಲ.

ಪ್ರಾಚೀನರ ತಿಳಿವಳಿಕೆ

ಕ್ರಿಸ್ತಪೂರ್ವ 18ನೇ ಶತಮಾನದಲ್ಲಿ ಬ್ಯಾಬಿಲೋನಿಯಾವನ್ನು ಆಳಿದ ಹಮ್ಮುರಾಬಿಯ ಶಾಸನ ಜಗತ್ತಿನ ಅತ್ಯಂತ ಹಳೆಯ ಕಾನೂನು ಸಂಗ್ರಹಗಳಲ್ಲಿ ಒಂದು. ಅದನ್ನು ಕೊರೆದ ಕಲ್ಲು ಇಂದು ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ. 'ಕಣ್ಣಿಗೆ ಕಣ್ಣು' ಎಂಬ ಕಠಿಣ ದಂಡನೆಗೆ ಈ ಶಾಸನ ಹೆಸರಾಗಿದೆ. ಆದರೆ ಅದರ 23 ಮತ್ತು 24ನೇ ನಿಯಮಗಳನ್ನು ಹೆಚ್ಚಿನವರು ಗಮನಿಸುವುದಿಲ್ಲ. ದರೋಡೆ ಮಾಡಿದವನು ಸಿಕ್ಕದೆ ಹೋದರೆ, ವಸ್ತು ಕಳೆದುಕೊಂಡವನು ತನ್ನ ನಷ್ಟವನ್ನು ದೇವರ ಮುಂದೆ ಪ್ರಮಾಣ ಮಾಡಿ ಹೇಳಬೇಕು. ದರೋಡೆ ನಡೆದ ಊರು ಮತ್ತು ಅಲ್ಲಿನ ಅಧಿಕಾರಿ ಆ ನಷ್ಟವನ್ನು ತುಂಬಿಕೊಡಬೇಕು. ಪ್ರಾಣ ಹೋಗಿದ್ದರೆ ಸತ್ತವನ ಬಂಧುಗಳಿಗೆ ಒಂದು ಮಿನಾ ತೂಕದ ಬೆಳ್ಳಿ ಕೊಡಬೇಕು. ಕಳ್ಳ ಸಿಕ್ಕಲಿ, ಸಿಕ್ಕದಿರಲಿ, ನೊಂದವನನ್ನು ಬರಿಗೈಯಲ್ಲಿ ಕಳಿಸಬಾರದು ಎಂಬುದು ಇಲ್ಲಿಯ ತತ್ವ.

ನಮ್ಮ ದೇಶದ ಧರ್ಮಸೂತ್ರಗಳಲ್ಲೂ ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ಇದೇ ತತ್ವವಿದೆ. ಕಳುವಾದ ಸೊತ್ತನ್ನು ರಾಜನು ಹುಡುಕಿಸಿ ಕೊಡಬೇಕು. ಸಿಕ್ಕದಿದ್ದರೆ ತನ್ನ ಬೊಕ್ಕಸದಿಂದ ಕೊಡಬೇಕು. ಪ್ರಜೆಯಿಂದ ಕಂದಾಯ ಪಡೆಯುವವನು ರಕ್ಷಣೆಯ ಹೊಣೆಯನ್ನೂ ಹೊತ್ತಿರುತ್ತಾನೆ, ರಕ್ಷಣೆ ತಪ್ಪಿದರೆ ಅದರ ನಷ್ಟ ಅವನದೇ ಎಂಬುದು ಇದರ ಹಿಂದಿನ ತರ್ಕ.

ಕನ್ನಡ ನಾಡಿನ ವೀರಗಲ್ಲುಗಳನ್ನು ಓದಿದವರಿಗೆ 'ನೆತ್ತರುಗೊಡಗೆ' ಎಂಬ ಮಾತು ಪರಿಚಿತ. ದನಗಳನ್ನು ಹೊಡೆದುಕೊಂಡು ಹೋಗುವ ತುರುಗೋಳು, ಊರ ಮೇಲೆ ಬೀಳುವ ದಾಳಿ, ಇವುಗಳನ್ನು ತಡೆಯಲು ಹೋಗಿ ಪ್ರಾಣ ಬಿಟ್ಟವನ ಮನೆಯವರಿಗೆ ಕೊಡುತ್ತಿದ್ದ ಭೂಮಿಯೇ ನೆತ್ತರುಗೊಡಗೆ. ಅದು ವೀರನಿಗೆ ಸಲ್ಲಿಸಿದ ಗೌರವ ಹೌದು. ಜೊತೆಗೆ, ದುಡಿಯುವ ಗಂಡಸನ್ನು ಕಳೆದುಕೊಂಡ ಮನೆ ನಾಳೆ ಏನು ಉಣ್ಣಬೇಕು ಎಂಬ ಪ್ರಶ್ನೆಗೆ ಊರು ಕೊಟ್ಟ ಉತ್ತರವೂ ಹೌದು. ಕಲ್ಲು ನಿಲ್ಲಿಸಿದರೆ ಸಾಲದು, ಹೊಲವನ್ನೂ ಕೊಡಬೇಕು ಎಂದು ನಮ್ಮ ಹಿರಿಯರಿಗೆ ಗೊತ್ತಿತ್ತು.

ಕಿಸಾಸ್, ದಿಯತ್ ಮತ್ತು ಕ್ಷಮೆ

ಇಸ್ಲಾಮೀ ನ್ಯಾಯಶಾಸ್ತ್ರದಲ್ಲಿ ಕೊಲೆ ಮತ್ತು ಗಾಯದ ಅಪರಾಧಗಳಲ್ಲಿ ನೊಂದವರಿಗೆ ಕೇಂದ್ರ ಸ್ಥಾನವಿದೆ. ಪವಿತ್ರ ಕುರ್‌ಆನಿನ ಅಲ್‌ಬಕರಾ ಅಧ್ಯಾಯದ 178ನೇ ಸೂಕ್ತ ಮತ್ತು ಅನ್ನಿಸಾ ಅಧ್ಯಾಯದ 92ನೇ ಸೂಕ್ತ ಇದಕ್ಕೆ ಆಧಾರ. ಉದ್ದೇಶಪೂರ್ವಕ ಕೊಲೆಯಾದರೆ ಸತ್ತವನ ವಾರಸುದಾರರ ಮುಂದೆ ಮೂರು ದಾರಿಗಳಿದ್ದವು: ಸಮಾನ ಶಿಕ್ಷೆಯನ್ನು, ಅಂದರೆ ಕಿಸಾಸನ್ನು ಕೇಳಬಹುದು, ದಿಯತ್ ಎಂಬ ಪರಿಹಾರಧನ ಪಡೆಯಬಹುದು, ಇಲ್ಲವೇ ಕ್ಷಮಿಸಬಹುದು. ಕೈತಪ್ಪಿ ಆದ ಕೊಲೆಯಲ್ಲಿ ದಿಯತನ್ನು ಸತ್ತವನ ಕುಟುಂಬಕ್ಕೆ ಒಪ್ಪಿಸುವುದು ಕಡ್ಡಾಯ.

ಈ ವ್ಯವಸ್ಥೆ ಬಂದದ್ದು ಒಂದು ಕೊಲೆಗೆ ಹತ್ತು ಕೊಲೆ ನಡೆಯುತ್ತಿದ್ದ, ತಲೆಮಾರುಗಳ ಕಾಲ ಹಗೆ ಸಾಧಿಸುತ್ತಿದ್ದ ಅರಬ್ ಬುಡಕಟ್ಟುಗಳ ನಡುವೆ. ಅಂಥಲ್ಲಿ ಸೇಡಿಗೆ ಮಿತಿ ಹಾಕಿ, ಪರಿಹಾರಕ್ಕೂ ಕ್ಷಮೆಗೂ ಬಾಗಿಲು ತೆರೆದದ್ದು ದೊಡ್ಡ ಸುಧಾರಣೆ. ದಿಯತ್‌ನ ಭಾರ ಅಪರಾಧಿಯೊಬ್ಬನ ಮೇಲೆಯೇ ಬಿದ್ದರೆ ಅವನು ಬಡವನಾಗಿದ್ದಾಗ ನೊಂದವರಿಗೆ ಏನೂ ದಕ್ಕುವುದಿಲ್ಲ. ಆದ್ದರಿಂದ ಕೈತಪ್ಪಿನ ಕೊಲೆಗಳಲ್ಲಿ ಅವನ 'ಆಕಿಲಾ', ಅಂದರೆ ಬಂಧುಬಳಗವೂ ಹಣ ಹೊಂದಿಸಬೇಕಿತ್ತು. ಇನ್ನು 'ಕಸಾಮಾ' ಎಂಬ ನಿಯಮ. ಹನಫೀ ಪಂಥದ ಪ್ರಕಾರ, ಒಂದು ಮೊಹಲ್ಲಾದಲ್ಲಿ ಕೊಲೆಯಾದವನ ಶವ ಸಿಕ್ಕಿ ಕೊಲೆಗಾರ ಯಾರೆಂದು ತಿಳಿಯದೆ ಹೋದರೆ ಅಲ್ಲಿನ ನಿವಾಸಿಗಳು ಐವತ್ತು ಪ್ರಮಾಣಗಳನ್ನು ಮಾಡಿ, ದಿಯತನ್ನೂ ಕೊಡಬೇಕು. ಹಮ್ಮುರಾಬಿಯ ಶಾಸನದಲ್ಲಿ ಊರು ಹೊರುತ್ತಿದ್ದ ಹೊಣೆಯನ್ನು ಇಲ್ಲಿ ಮೊಹಲ್ಲಾ ಹೊರುತ್ತದೆ.

ಆದರೆ ಇತಿಹಾಸದ ವಿದ್ಯಾರ್ಥಿ ಒಂದು ಬದಿಯನ್ನಷ್ಟೇ ನೋಡಬಾರದು. ವಾರಸುದಾರರ ಕೈಗೆ ಕೊಟ್ಟ ಈ ಅಧಿಕಾರ ದುರುಪಯೋಗವಾದದ್ದೂ ಉಂಟು. ಬಡ ವಿಧವೆಯ ಮೇಲೆ ಬಲಾಢ್ಯರು ಒತ್ತಡ ಹಾಕಿದರೆ ಆಕೆಯ 'ಕ್ಷಮೆ' ಕ್ಷಮೆಯಾಗಿ ಉಳಿಯುವುದಿಲ್ಲ. ಮನೆಯವರೇ ಮನೆಯ ಹೆಣ್ಣುಮಗಳನ್ನು ಕೊಂದಾಗ ಕೊಂದವರು ಮತ್ತು ಕ್ಷಮಿಸುವವರು ಒಂದೇ ಕುಟುಂಬದವರಾಗುತ್ತಾರೆ. ಪಾಕಿಸ್ತಾನವು 1990ರಲ್ಲಿ ಸುಗ್ರೀವಾಜ್ಞೆಯ ಮೂಲಕ ಕಿಸಾಸ್ ಮತ್ತು ದಿಯತ್ ನಿಯಮಗಳನ್ನು ತನ್ನ ದಂಡ ಸಂಹಿತೆಗೆ ತಂದಾಗ ಮರ್ಯಾದೆಯ ಹೆಸರಿನ ಕೊಲೆಗಳಲ್ಲಿ ಹೀಗೇ ಆಯಿತು. ಕೊನೆಗೆ 2016ರಲ್ಲಿ ಕಾನೂನು ತಿದ್ದಿ, ಅಂಥ ಕೊಲೆಗಳಲ್ಲಿ ವಾರಸುದಾರರು ಕ್ಷಮಿಸಿದರೂ ಜೀವಾವಧಿ ಶಿಕ್ಷೆ ತಪ್ಪದು ಎಂದು ಮಾಡಬೇಕಾಯಿತು. ನೊಂದವರ ಇಚ್ಛೆಗೆ ಬೆಲೆ ಬರಬೇಕಾದರೆ ಮೊದಲು ಅವರಿಗೆ ಭಯವಿಲ್ಲದ ಸ್ಥಿತಿ ಇರಬೇಕು ಎಂಬುದು ಈ ಅನುಭವದ ಪಾಠ.

1790: ಮೊಕದ್ದಮೆ ಕೈತಪ್ಪಿದ ವರ್ಷ

ಮೊಗಲರ ಆಡಳಿತದಲ್ಲಿ ಖಾಝಿಗಳು ನಡೆಸುತ್ತಿದ್ದ ಅಪರಾಧ ನ್ಯಾಯ ಬಹುಮಟ್ಟಿಗೆ ಈ ಹನಫೀ ಪದ್ಧತಿಯದೇ. 1765ರಲ್ಲಿ ಬಂಗಾಳದ ದಿವಾನಿ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. 1772ರಲ್ಲಿ ವಾರನ್ ಹೇಸ್ಟಿಂಗ್ಸ್ ಹೊಸ ಅದಾಲತ್‌ಗಳನ್ನು ಸ್ಥಾಪಿಸಿದಾಗಲೂ ಅಪರಾಧ ಮೊಕದ್ದಮೆಗಳಲ್ಲಿ ಮುಸ್ಲಿಂ ಕಾನೂನನ್ನೇ ಉಳಿಸಿಕೊಂಡ. ಖಾಝಿ, ಮುಫ್ತಿಗಳು ಫತ್ವಾ ನೀಡುತ್ತಿದ್ದರು. ಆದರೆ ವಾರಸುದಾರರು ಹಣ ಪಡೆದು ಕೊಲೆಗಾರನನ್ನು ಬಿಟ್ಟುಬಿಡಬಹುದೆಂಬ ನಿಯಮ ಕಂಪನಿಯ ಅಧಿಕಾರಿಗಳಿಗೆ ಒಪ್ಪಿಗೆಯಾಗಲಿಲ್ಲ. ಕೊಲೆ ಎಂಬುದು ಒಂದು ಕುಟುಂಬದ ಮೇಲಿನ ಅಪರಾಧವಷ್ಟೇ ಅಲ್ಲ, ಇಡೀ ಸಮಾಜದ ಶಾಂತಿಯ ಮೇಲಿನ ಅಪರಾಧ ಎಂಬುದು ಅವರ ವಾದ.

1790ರ ಡಿಸೆಂಬರ್‌ನಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಹೊಸ ನಿಯಮಗಳನ್ನು ಹೊರಡಿಸಿದ. ಕೊಲೆಯನ್ನು ಅಳೆಯಬೇಕಾದದ್ದು ಬಳಸಿದ ಆಯುಧದಿಂದಲ್ಲ, ಕೊಂದವನ ಉದ್ದೇಶದಿಂದ ಎಂದಾಯಿತು. ಕೊಲೆಗಾರನನ್ನು ಕ್ಷಮಿಸುವ ವಾರಸುದಾರರ ಅಧಿಕಾರ ರದ್ದಾಯಿತು. 1793ರ ನಿಯಮಾವಳಿಯಲ್ಲಿ ಇವು ಮತ್ತೆ ಸ್ಥಿರವಾದವು; ಅಂಗಚ್ಛೇದದ ಶಿಕ್ಷೆಯ ಬದಲಿಗೆ ಸೆರೆವಾಸ ಬಂತು. ಕೆಲವೇ ವರ್ಷಗಳಲ್ಲಿ ದಿಯತ್‌ನ ಜಾಗಕ್ಕೂ ಸೆರೆವಾಸವೇ ಬಂದು ಕುಳಿತಿತು. ಮುಂದೆ ಕಂಪನಿಯ ಮದ್ರಾಸ್ ಪ್ರಾಂತ್ಯವೂ ಇದೇ ಹಾದಿ ಹಿಡಿಯಿತು. ಕೆನರಾ ಮತ್ತು ಬಳ್ಳಾರಿ ಆಗ ಆ ಪ್ರಾಂತ್ಯಕ್ಕೆ ಸೇರಿದ್ದರಿಂದ ಈ ಬದಲಾವಣೆ ಕನ್ನಡ ನಾಡಿಗೂ ಬಂತು.

ಬಲಾಢ್ಯನು ಹಣ ಚೆಲ್ಲಿ ನೇಣಿನಿಂದ ಪಾರಾಗುವುದನ್ನು ಈ ನಿಯಮಗಳು ತಡೆದವು. ಅಪರಾಧಿಗೆ ಶಿಕ್ಷೆಯಾಗುವುದು ನೊಂದ ಕುಟುಂಬದ ಧೈರ್ಯವನ್ನೋ ದುಡ್ಡನ್ನೋ ಅವಲಂಬಿಸಬಾರದು ಎಂಬುದನ್ನು ಇಂದಿಗೂ ಯಾರೂ ಅಲ್ಲಗಳೆಯಲಾರರು. ಆದರೆ ಕಂಪನಿ ಸರಕಾರ ವಾರಸುದಾರರಿಂದ ಕ್ಷಮೆಯ ಅಧಿಕಾರ ಕಿತ್ತುಕೊಂಡಾಗ ಅದರ ಜೊತೆಗಿದ್ದ ಪರಿಹಾರವನ್ನೂ ಕಿತ್ತುಕೊಂಡಿತು. ಅಪರಾಧಿ ಜೈಲಿಗೆ ಹೋದ, ದಂಡದ ಹಣ ಸರಕಾರದ ಖಜಾನೆಗೆ ಹೋಯಿತು. ವಿಧವೆ ಬರಿಗೈಯಲ್ಲಿ ಮನೆಗೆ ಹೋದಳು.

1860ರ ಭಾರತೀಯ ದಂಡ ಸಂಹಿತೆ 1862ರ ಜನವರಿ 1ರಂದು ಜಾರಿಗೆ ಬಂದಾಗ ಹಳೆಯ ಪದ್ಧತಿಯ ಕೊನೆಯ ಕುರುಹೂ ಅಳಿಯಿತು. ಯಾವ ಅಪರಾಧಕ್ಕೆ ಎಷ್ಟು ಶಿಕ್ಷೆ ಎಂಬುದನ್ನು ಆ ಸಂಹಿತೆ ಅಚ್ಚುಕಟ್ಟಾಗಿ ಹೇಳಿತು. ಪೆಟ್ಟು ತಿಂದವನ ಗತಿ ಏನು ಎಂಬುದನ್ನು ಹೇಳಲಿಲ್ಲ. 1898ರ ದಂಡ ಪ್ರಕ್ರಿಯಾ ಸಂಹಿತೆಯ 545ನೇ ಕಲಮಿನಲ್ಲಿ ವಸೂಲಾದ ದಂಡದಿಂದ ಒಂದು ಭಾಗವನ್ನು ನೊಂದವರಿಗೆ ಕೊಡಿಸಬಹುದು ಎಂಬ ಅವಕಾಶವಿತ್ತು. 'ಕೊಡಿಸಬಹುದು' ಎಂದಿತ್ತೇ ಹೊರತು 'ಕೊಡಿಸಬೇಕು' ಎಂದಿರಲಿಲ್ಲ.

ಪಶ್ಚಿಮದಲ್ಲಿ ಬಂದ ಎಚ್ಚರ

ಇದೇ ಮರೆವು ಇಂಗ್ಲೆಂಡಿನಲ್ಲೂ ಇತ್ತು. ಅಲ್ಲಿ ಕೈದಿಗಳ ಸುಧಾರಣೆಗಾಗಿ ಜೀವನವಿಡೀ ದುಡಿದ ಮಾರ್ಜರಿ ಫ್ರೈ ಎಂಬ ಮಹಿಳೆ 1957ರಲ್ಲಿ ಪತ್ರಿಕೆಯೊಂದರಲ್ಲಿ ಲೇಖನ ಬರೆದು, ಹಿಂಸೆಯ ಅಪರಾಧಗಳಿಗೆ ಗುರಿಯಾದವರಿಗೆ ಸರಕಾರವೇ ಪರಿಹಾರ ಕೊಡಬೇಕೆಂದು ವಾದಿಸಿದರು. ಗಾಯಗೊಳಿಸಿದವನಿಂದ ವಸೂಲಿ ಮಾಡಿಕೊಳ್ಳಿ ಎಂದರೆ ಅವನ ಬಳಿ ಇರುವುದೇನು? ಅವನನ್ನು ಜೈಲಿಗೆ ಕಳಿಸಿದ ಮೇಲೆ ದುಡಿಯುವುದೆಲ್ಲಿಂದ? ಕೈದಿಗಳ ಪರವಾಗಿ ಹೋರಾಡಿದವರೇ ನೊಂದವರ ಪರವಾಗಿಯೂ ಮಾತಾಡಿದ್ದು ಗಮನಾರ್ಹ. ಒಬ್ಬರ ಹಕ್ಕು ಇನ್ನೊಬ್ಬರ ಹಕ್ಕಿಗೆ ಎದುರಾಳಿಯಲ್ಲ. ಮರುವರ್ಷ ಫ್ರೈ ತೀರಿಕೊಂಡರು.

1963ರಲ್ಲಿ ನ್ಯೂಜಿಲೆಂಡ್ ಇದಕ್ಕಾಗಿ ಕಾಯಿದೆ ಮಾಡಿತು. 1964ರಲ್ಲಿ ಬ್ರಿಟನ್, 1965ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಅದೇ ದಾರಿ ಹಿಡಿದವು. 1984ರಲ್ಲಿ ಅಮೆರಿಕದ ಕೇಂದ್ರ ಸರಕಾರ, ಅಪರಾಧಿಗಳಿಂದ ವಸೂಲಾಗುವ ದಂಡದ ಹಣದಿಂದಲೇ ಒಂದು ನಿಧಿಯನ್ನು ಸ್ಥಾಪಿಸಿತು.

ಹಣವೊಂದೇ ಸಾಕೇ? 1970ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಅಪರಾಧಿಗಳ ನಡುವೆ ಕೆಲಸ ಮಾಡುತ್ತಿದ್ದ ಕೆಲವರು, ಈ ಅಪರಾಧಗಳಿಗೆ ಗುರಿಯಾದವರ ಬಗ್ಗೆ ತಮಗೆ ಏನೇನೂ ಗೊತ್ತಿಲ್ಲವಲ್ಲ ಎಂದು ಅರಿತುಕೊಂಡರು. 1974ರಲ್ಲಿ ಅಲ್ಲಿ ಒಂದು ಸರಳ ಯೋಜನೆ ಶುರುವಾಯಿತು. ಪೊಲೀಸರಿಂದ ಮಾಹಿತಿ ಪಡೆದು, ತರಬೇತಿ ಹೊಂದಿದ ಸ್ವಯಂಸೇವಕರು ನೊಂದವರ ಮನೆಗೆ ಹೋಗುವುದು, ಕುಳಿತು ಮಾತು ಕೇಳುವುದು, ಬೇಕಾದ ನೆರವಿಗೆ ದಾರಿ ತೋರಿಸುವುದು, ಇಷ್ಟೇ. 1979ರ ಹೊತ್ತಿಗೆ ಇಂಥ ಸಂಘಗಳೆಲ್ಲ ಸೇರಿ ರಾಷ್ಟ್ರೀಯ ಸಂಸ್ಥೆಯೊಂದು ರೂಪುಗೊಂಡಿತು. ಅಮೆರಿಕದಲ್ಲಿ 1972ರಲ್ಲೇ ಮಹಿಳೆಯರು ಸೇರಿ ಅತ್ಯಾಚಾರಕ್ಕೆ ಒಳಗಾದವರಿಗಾಗಿ ನೆರವಿನ ಕೇಂದ್ರಗಳನ್ನು ತೆರೆದಿದ್ದರು.

ಈ ಎಲ್ಲ ಪ್ರಯತ್ನಗಳ ಫಲವಾಗಿ 1985ರ ನವೆಂಬರ್ 29ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ, ಅಪರಾಧ ಹಾಗೂ ಅಧಿಕಾರ ದುರ್ಬಳಕೆಯಿಂದ ನೊಂದವರಿಗೆ ನ್ಯಾಯ ಒದಗಿಸುವ ಮೂಲ ತತ್ವಗಳ ಘೋಷಣೆಯನ್ನು ಅಂಗೀಕರಿಸಿತು. ಅದರ ಸಾರ ನಾಲ್ಕು ಅಂಶಗಳಲ್ಲಿದೆ: ನೊಂದವರನ್ನು ಗೌರವದಿಂದ ನಡೆಸಿಕೊಂಡು ನ್ಯಾಯದ ಬಾಗಿಲನ್ನು ಅವರಿಗೆ ತೆರೆದಿಡುವುದು, ಅಪರಾಧಿಯಿಂದ ನಷ್ಟ ಭರ್ತಿ ಮಾಡಿಸುವುದು, ಅದು ಸಾಲದಿದ್ದರೆ ಸರಕಾರ ಪರಿಹಾರ ಕೊಡುವುದು, ವೈದ್ಯಕೀಯ, ಮಾನಸಿಕ, ಸಾಮಾಜಿಕ ನೆರವು ನೀಡುವುದು. ಅಪರಾಧಿ ಸಿಕ್ಕಿಬೀಳದಿದ್ದರೂ, ಶಿಕ್ಷೆಯಾಗದಿದ್ದರೂ ನೊಂದವನು ನೊಂದವನೇ ಎಂದು ಆ ಘೋಷಣೆ ಸ್ಪಷ್ಟಪಡಿಸಿತು.

ಸ್ವತಂತ್ರ ಭಾರತದ ಹಾದಿ

ನಮ್ಮ ದೇಶದಲ್ಲಿ 1973ರ ಹೊಸ ದಂಡ ಪ್ರಕ್ರಿಯಾ ಸಂಹಿತೆ ಒಂದು ಹೆಜ್ಜೆ ಮುಂದಿಟ್ಟಿತು. ಅದರ 357ನೇ ಕಲಮಿನಂತೆ, ದಂಡ ವಿಧಿಸದೆ ಇದ್ದಾಗಲೂ ಅಪರಾಧಿಯಿಂದ ನೊಂದವರಿಗೆ ಪರಿಹಾರ ಕೊಡಿಸುವ ಅಧಿಕಾರ ನ್ಯಾಯಾಲಯಕ್ಕೆ ಬಂತು. ಆದರೆ ಈ ಅಧಿಕಾರವನ್ನು ಬಳಸಿದ ನ್ಯಾಯಾಲಯಗಳು ವಿರಳ. 1988ರಲ್ಲಿ ಸುಪ್ರೀಂ ಕೋರ್ಟ್, ಇದನ್ನು ಧಾರಾಳವಾಗಿ ಬಳಸಿರೆಂದು ಎಲ್ಲ ನ್ಯಾಯಾಲಯಗಳಿಗೆ ಹೇಳಬೇಕಾಯಿತು. ಕಾಲು ಶತಮಾನದ ನಂತರ, 2013ರಲ್ಲಿ, ಪ್ರತಿ ಮೊಕದ್ದಮೆಯಲ್ಲೂ ಪರಿಹಾರದ ಪ್ರಶ್ನೆಯನ್ನು ಪರಿಶೀಲಿಸುವುದು ನ್ಯಾಯಾಲಯದ ಕರ್ತವ್ಯವೆಂದು ಅದೇ ಕೋರ್ಟ್ ಮತ್ತೆ ಹೇಳಬೇಕಾಯಿತು.

ಸರಕಾರವೇ ತಪ್ಪಿತಸ್ಥನಾದಾಗ ಏನು ಮಾಡಬೇಕು? 1983ರ ರುದುಲ್ ಷಾ ಮೊಕದ್ದಮೆ ಇದಕ್ಕೆ ದಾರಿ ತೋರಿತು. 1968ರಲ್ಲೇ ಬಿಡುಗಡೆಯ ತೀರ್ಪು ಪಡೆದವನನ್ನು ಬಿಹಾರದ ಜೈಲಿನಲ್ಲಿ ಮತ್ತೂ 14 ವರ್ಷ ಇಟ್ಟುಕೊಂಡಿದ್ದರು. ಸುಪ್ರೀಂ ಕೋರ್ಟ್ ಅವನಿಗೆ ಸರಕಾರದಿಂದ ಒಟ್ಟು 35,000 ರೂಪಾಯಿ ಕೊಡಿಸಿತು. ಮೊತ್ತ ಸಣ್ಣದು, ಆದರೆ ಮೂಲಭೂತ ಹಕ್ಕಿನ ಉಲ್ಲಂಘನೆಗೆ ಪರಿಹಾರ ಕೇಳಬಹುದೆಂಬ ತತ್ವ ದೊಡ್ಡದು.

ಈ ಕಥೆಯಲ್ಲಿ ಕನ್ನಡಿಗರೊಬ್ಬರ ಪಾತ್ರವನ್ನು ಸ್ಮರಿಸಬೇಕು. ಅಪರಾಧ ನ್ಯಾಯ ವ್ಯವಸ್ಥೆಯ ಸುಧಾರಣೆಗಾಗಿ ಕೇಂದ್ರ ಸರಕಾರ 2000ದಲ್ಲಿ ನೇಮಿಸಿದ ಸಮಿತಿಗೆ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ವಿ.ಎಸ್. ಮಳಿಮಠ ಅಧ್ಯಕ್ಷರಾಗಿದ್ದರು. 2003ರಲ್ಲಿ ಸಲ್ಲಿಸಿದ ವರದಿಯಲ್ಲಿ, ನೊಂದವರಿಗೆ ವಿಚಾರಣೆಯಲ್ಲಿ ಭಾಗವಹಿಸುವ ಹಕ್ಕು ಬೇಕು, ಪರಿಹಾರಕ್ಕಾಗಿ ನಿಧಿ ಬೇಕು ಎಂದು ಸಮಿತಿ ಶಿಫಾರಸು ಮಾಡಿತು. ಆರೋಪಿಯ ರಕ್ಷಣೆಗಳನ್ನು ಸಡಿಲಿಸುವಂಥ ಅದರ ಬೇರೆ ಕೆಲವು ಸಲಹೆಗಳಿಗೆ ಕಟು ಟೀಕೆ ಬಂದದ್ದೂ ನಿಜ. ಆದರೆ ನೊಂದವರ ಕುರಿತ ಶಿಫಾರಸುಗಳು ವ್ಯರ್ಥವಾಗಲಿಲ್ಲ.

2008ರ ತಿದ್ದುಪಡಿ ಕಾಯಿದೆ 2009ರ ಡಿಸೆಂಬರ್ 31ರಂದು ಜಾರಿಗೆ ಬಂತು. 'ಸಂತ್ರಸ್ತ' ಯಾರೆಂಬ ವ್ಯಾಖ್ಯೆ ಸಂಹಿತೆಯಲ್ಲಿ ಮೊದಲ ಸಲ ಕಾಣಿಸಿಕೊಂಡಿತು. ಆರೋಪಿ ಖುಲಾಸೆಯಾದರೆ ಮೇಲ್ಮನವಿ ಸಲ್ಲಿಸುವ ಹಕ್ಕು ಸಂತ್ರಸ್ತರಿಗೆ ಬಂತು. 357ಎ ಎಂಬ ಹೊಸ ಕಲಮಿನ ಮೂಲಕ ಪ್ರತಿ ರಾಜ್ಯವೂ ಪರಿಹಾರ ಯೋಜನೆ ಮಾಡಬೇಕೆಂದಾಯಿತು. ಕರ್ನಾಟಕದಲ್ಲಿ ಅದು 'ಸಂತ್ರಸ್ತರ ಪರಿಹಾರ ಯೋಜನೆ, 2011' ಎಂಬ ಹೆಸರಿನಲ್ಲಿ ಬಂತು.

ಮೇಲ್ಮನವಿಯ ಹಕ್ಕು ಗಟ್ಟಿಯಾದದ್ದು ನಮ್ಮ ರಾಜ್ಯದಿಂದ ಹೋದ ಒಂದು ಮೊಕದ್ದಮೆಯಲ್ಲಿ. ಹಲ್ಲೆಗೊಳಗಾದ ವ್ಯಕ್ತಿಯೊಬ್ಬರ ಮೇಲ್ಮನವಿಗೆ ಹೈಕೋರ್ಟಿನಲ್ಲಿ ಅವಕಾಶ ಸಿಕ್ಕಿರಲಿಲ್ಲ. 2018ರ ಅಕ್ಟೋಬರ್ 12ರಂದು ಸುಪ್ರೀಂ ಕೋರ್ಟ್ ಬಹುಮತದ ತೀರ್ಪಿನಲ್ಲಿ, ಸಂತ್ರಸ್ತರು ವಿಶೇಷ ಅನುಮತಿ ಕೇಳದೆಯೇ ಮೇಲ್ಮನವಿ ಸಲ್ಲಿಸಬಹುದು ಎಂದಿತು. ಆ ತೀರ್ಪು ಬರುವ ಹೊತ್ತಿಗೆ ಆ ವ್ಯಕ್ತಿ ಬದುಕಿರಲಿಲ್ಲ.

ಆಸಿಡ್ ದಾಳಿಗೆ ತುತ್ತಾದ ಯುವತಿಯೊಬ್ಬರ ಅರ್ಜಿಯ ಮೇಲೆ 2013ರಲ್ಲಿ ಕೋರ್ಟು, ಇಂಥ ಸಂತ್ರಸ್ತರಿಗೆ ಕನಿಷ್ಠ 3 ಲಕ್ಷ ರೂಪಾಯಿ ಕೊಡಬೇಕು, ಅದರಲ್ಲಿ 1 ಲಕ್ಷವನ್ನು ಘಟನೆ ಸರಕಾರದ ಗಮನಕ್ಕೆ ಬಂದ 15 ದಿನಗಳೊಳಗೆ ಕೊಡಬೇಕು ಎಂದಿತು. 2018ರ ಜುಲೈಯಲ್ಲಿ, ಗುಂಪು ಹಲ್ಲೆಗೆ ಬಲಿಯಾದವರಿಗಾಗಿಯೂ ರಾಜ್ಯಗಳು ಪರಿಹಾರ ಯೋಜನೆ ರೂಪಿಸಬೇಕು, ತಾತ್ಕಾಲಿಕ ಪರಿಹಾರವನ್ನು 30 ದಿನಗಳಲ್ಲಿ ನೀಡಬೇಕು ಎಂದು ಆದೇಶಿಸಿತು. ಅದೇ ವರ್ಷ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ ಮಹಿಳಾ ಸಂತ್ರಸ್ತರಿಗಾಗಿ ರೂಪಿಸಿದ ಯೋಜನೆಯಲ್ಲಿ ಅತ್ಯಾಚಾರಕ್ಕೆ 4ರಿಂದ 7 ಲಕ್ಷ, ಪ್ರಾಣಹಾನಿಗೆ 5ರಿಂದ 10 ಲಕ್ಷ ರೂಪಾಯಿಗಳ ಪರಿಹಾರ ಗೊತ್ತಾಯಿತು.

2024ರ ಜುಲೈ 1ರಿಂದ ಹಳೆಯ ಸಂಹಿತೆಯ ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಪರಿಹಾರ ಯೋಜನೆಯ ನಿಯಮಗಳು ಈಗ ಅದರ 396ನೇ ಕಲಮಿನಲ್ಲಿವೆ. ಘಟನೆ ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ದಾಖಲಿಸಬಹುದು. ತನಿಖೆ ಎಲ್ಲಿಗೆ ಬಂತು ಎಂಬುದನ್ನು ಪೊಲೀಸರು 90 ದಿನಗಳೊಳಗೆ ಸಂತ್ರಸ್ತರಿಗೆ ತಿಳಿಸಬೇಕು.

ಕಾಗದದಿಂದ ಮನೆಯ ತನಕ

ಇಷ್ಟೆಲ್ಲ ಕಾನೂನು ಬಂದ ಮೇಲೂ ಮೊಗಸಾಲೆಯ ಬೆಂಚಿನ ಮೇಲಿನ ಆ ತಾಯಿ ಹಾಗೆಯೇ ಕುಳಿತಿರುತ್ತಾಳೆ. ಏಕೆಂದರೆ ಆಕೆಗೆ ಇದಾವುದೂ ತಿಳಿದಿಲ್ಲ. ಪರಿಹಾರ ಬೇಕಾದರೆ ಅಪರಾಧಿಗೆ ಶಿಕ್ಷೆಯಾಗುವವರೆಗೆ ಕಾಯಬೇಕು ಎಂದು ಬಹಳ ಮಂದಿ ಭಾವಿಸಿದ್ದಾರೆ. ಅದು ತಪ್ಪು. ಅಪರಾಧಿ ಯಾರೆಂದೇ ಗೊತ್ತಾಗದಿದ್ದರೂ ಸಂತ್ರಸ್ತರು ಅಥವಾ ಅವರ ಅವಲಂಬಿತರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ನೇರವಾಗಿ ಅರ್ಜಿ ಹಾಕಬಹುದು. ಪ್ರಾಧಿಕಾರ ಎರಡು ತಿಂಗಳಲ್ಲಿ ವಿಚಾರಣೆ ಮುಗಿಸಬೇಕು. ಆರೋಪಿ ಖುಲಾಸೆಯಾದರೂ ಸಂತ್ರಸ್ತರ ಪುನರ್ವಸತಿಗಾಗಿ ನ್ಯಾಯಾಲಯ ಶಿಫಾರಸು ಮಾಡಬಹುದು. ಅತ್ಯಾಚಾರ ಮತ್ತು ಆಸಿಡ್ ದಾಳಿಗೆ ಒಳಗಾದವರಿಗೆ ಸರಕಾರಿ ಆಸ್ಪತ್ರೆಯಿರಲಿ, ಖಾಸಗಿ ಆಸ್ಪತ್ರೆಯಿರಲಿ ಉಚಿತ ಚಿಕಿತ್ಸೆ ಕೊಡಲೇಬೇಕು. ನಿರಾಕರಿಸುವುದು ಶಿಕ್ಷಾರ್ಹ ಅಪರಾಧ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಡಿಮೆ ಆದಾಯದವರು 1987ರ ಕಾನೂನು ಸೇವೆಗಳ ಕಾಯಿದೆಯಂತೆ ಉಚಿತವಾಗಿ ವಕೀಲರ ನೆರವು ಪಡೆಯಬಹುದು. ಅರ್ಜಿಗೆ ಕಾಲಮಿತಿ ಇರುವುದರಿಂದ ತಡಮಾಡಬಾರದು.

ಅಪರಾಧ ನಡೆದ ಮೊದಲ ದಿನಗಳಲ್ಲಿ ಒಂದು ಮನೆಗೆ ಬೇಕಾಗುವುದಾದರೂ ಏನು? ಆಸ್ಪತ್ರೆಗೆ ಜೊತೆಗೆ ಹೋಗುವವರು ಬೇಕು. ದೂರನ್ನು ಸರಿಯಾಗಿ ಬರೆಸಿ, ಎಫ್.ಐ.ಆರ್. ಪ್ರತಿಯನ್ನು ಕೇಳಿ ಪಡೆಯುವವರು ಬೇಕು. ಆಸ್ಪತ್ರೆಯ ಬಿಲ್ಲು, ಗಾಯದ ಸರ್ಟಿಫಿಕೇಟು, ಮರಣೋತ್ತರ ವರದಿಗಳನ್ನು ಒಂದು ಕಡತದಲ್ಲಿ ಜೋಡಿಸಿಡುವವರು ಬೇಕು. ಮಕ್ಕಳ ಶಾಲೆ ನಿಲ್ಲದಂತೆ ನೋಡಿಕೊಳ್ಳುವವರು ಬೇಕು. ಸಾಕ್ಷಿ ಹೇಳುವ ದಿನ ಪಕ್ಕದಲ್ಲಿ ಕುಳಿತಿರುವವರು ಬೇಕು. ಎಲ್ಲಕ್ಕಿಂತ ಮೊದಲು, 'ನಿನ್ನದೇ ತಪ್ಪು' ಎನ್ನದೆ ಮಾತು ಕೇಳುವವರು ಬೇಕು. ಇವುಗಳಲ್ಲಿ ಯಾವುದಕ್ಕೂ ದೊಡ್ಡ ಪದವಿ ಬೇಕಿಲ್ಲ. ಬ್ರಿಸ್ಟಲ್ಲಿನ ಸ್ವಯಂಸೇವಕರು ಮಾಡಿದ್ದೂ ಇಷ್ಟನ್ನೇ.

ಇಲ್ಲಿ ನಮ್ಮನ್ನು ನಾವೇ ಪ್ರಶ್ನಿಸಿಕೊಳ್ಳಬೇಕಾದ ವಿಷಯವೊಂದಿದೆ. ಹೆಣ್ಣುಮಗಳ ಮೇಲೆ ದೌರ್ಜನ್ಯ ನಡೆದಾಗ 'ಮನೆತನದ ಮರ್ಯಾದೆ' ಎಂದು ಬಾಯಿ ಮುಚ್ಚಿಸುವುದು, ಹಿರಿಯರು ನಾಲ್ಕು ಜನ ಕೂತು ಒಂದಿಷ್ಟು ದುಡ್ಡು ಕೊಡಿಸಿ 'ರಾಜಿ' ಮಾಡಿಸುವುದು ನಮ್ಮ ಊರುಗಳಲ್ಲಿ, ಎಲ್ಲ ಸಮುದಾಯಗಳಲ್ಲಿ, ಕೇಳಿಬರುವ ಮಾತು. ಅತ್ಯಾಚಾರದಂಥ ಅಪರಾಧಗಳಲ್ಲಿ ರಾಜಿಗೆ ಕಾನೂನು ಅವಕಾಶ ಕೊಟ್ಟಿಲ್ಲ. ಇದನ್ನು ಪರಿಹಾರವೆಂದೋ ಕ್ಷಮೆಯೆಂದೋ ಕರೆಯುವುದು ಆ ಪದಗಳಿಗೆ ಮಾಡುವ ಅಪಚಾರ. ಕೊಡುವವನು ತಪ್ಪೊಪ್ಪಿಕೊಂಡು ಕೊಡುವುದು, ಪಡೆಯುವವರು ಭಯವಿಲ್ಲದೆ ಪಡೆಯುವುದು ಪರಿಹಾರ. ಬಾಯಿ ಮುಚ್ಚಲು ಕೊಡುವುದು ಮೌನದ ಬೆಲೆ. ಕಾರ್ನ್‌ವಾಲಿಸ್ 1790ರಲ್ಲಿ ಎತ್ತಿದ ಆಕ್ಷೇಪಕ್ಕೆ ನಾವೇ ಮತ್ತೆ ಪುರಾವೆ ಒದಗಿಸಬಾರದು.

ನಮ್ಮ ಸಂಘದಂಥ ಶಿಕ್ಷಣ ಸಂಸ್ಥೆಗಳು ಇಲ್ಲಿ ಮಾಡಬಹುದಾದ ಕೆಲಸ ಸಾಕಷ್ಟಿದೆ. ಕಾನೂನು ಓದುವ ನಾಲ್ಕಾರು ವಿದ್ಯಾರ್ಥಿಗಳು, ಒಬ್ಬ ವಕೀಲರು, ಒಬ್ಬ ವೈದ್ಯರು, ಮಹಿಳೆಯರೊಡನೆ ಮಾತಾಡಬಲ್ಲ ಇಬ್ಬರು ಶಿಕ್ಷಕಿಯರು ಸೇರಿದರೆ ಒಂದು ನೆರವಿನ ತಂಡವಾಗುತ್ತದೆ. ಕಾನೂನು ಸೇವೆಗಳ ಪ್ರಾಧಿಕಾರದ 15100, ಮಹಿಳೆಯರ 181, ಮಕ್ಕಳ 1098 ಎಂಬ ಸಹಾಯವಾಣಿಗಳನ್ನು ಪ್ರತಿ ಶಾಲೆಯ ಫಲಕದಲ್ಲಿ ಬರೆಸಬಹುದು. ಅಪರಾಧದಲ್ಲಿ ದುಡಿಯುವವರನ್ನು ಕಳೆದುಕೊಂಡ ಮನೆಯ ಮಕ್ಕಳನ್ನು ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ಮೊದಲು ಪರಿಗಣಿಸಬಹುದು. ಆ ಮನೆಯವರ ಜಾತಿ ಧರ್ಮ ಯಾವುದೆಂದು ಕೇಳಬೇಕಾದ ಅಗತ್ಯವೂ ಇಲ್ಲ. ಕಸಾಮಾದ ನಿಯಮದಲ್ಲಿ ಶವ ಸಿಕ್ಕ ಮೊಹಲ್ಲಾ ಮೊದಲು ಕೇಳಿಕೊಳ್ಳಬೇಕಾಗಿದ್ದುದು ತನ್ನ ಹೊಣೆ ಎಷ್ಟು ಎಂಬುದನ್ನು.

ಊರು ಕೊಟ್ಟ ಬೆಳ್ಳಿ, ರಾಜನ ಬೊಕ್ಕಸ, ನೆತ್ತರುಗೊಡಗೆಯ ಹೊಲ, ದಿಯತ್, ಇಂದಿನ ಪರಿಹಾರ ಯೋಜನೆ, ಇವೆಲ್ಲ ಬೇರೆ ಬೇರೆ ಕಾಲದ ಹೆಸರುಗಳು. ಅಪರಾಧಿಯನ್ನು ಶಿಕ್ಷಿಸಿದೊಡನೆ ನ್ಯಾಯದ ಕೆಲಸ ಮುಗಿಯಲಿಲ್ಲ, ನೊಂದ ಮನೆಯ ಒಲೆ ಮತ್ತೆ ಉರಿಯಬೇಕು ಎಂಬ ತಿಳಿವಳಿಕೆ ಇವೆಲ್ಲದರ ಹಿಂದೆ ಇದೆ. ಕಾನೂನು ತನ್ನ ಸಾಲವನ್ನು ಒಪ್ಪಿಕೊಂಡಿದೆ. ಅದನ್ನು ಆ ತಾಯಿಯ ಮನೆಯ ತನಕ ಮುಟ್ಟಿಸಲು ಓದು ಬಲ್ಲವರ ಕೈಗಳು ಬೇಕು. ಈ ಪುಟಗಳನ್ನು ಓದಿದ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಮುಂದೊಂದು ದಿನ ನ್ಯಾಯಾಲಯದ ಮೊಗಸಾಲೆಗೆ ಹೋಗಿ, ಆ ಬೆಂಚಿನ ಮೇಲೆ ಆಕೆಯ ಪಕ್ಕದಲ್ಲಿ ಕುಳಿತು, "ಅಮ್ಮಾ, ನಿಮ್ಮ ಅರ್ಜಿ ಬರೆಯೋಣವೇ?" ಎಂದು ಕೇಳಿದರೆ ಅವರು ಕಲಿತ ವಿದ್ಯೆ ಸಾರ್ಥಕವಾದಂತೆ.